ಮಿದುಳಿನ ಕಾವಲು ಕಿಣ್ವಗಳು ಡಬ್ಬಿಯಲ್ಲಿ ದೊರೆಯುವುದಿಲ್ಲ

ಕಳೆದ ಆಷಾಢದ ಒಂದು ಬೆಳಗ್ಗೆ ಹೆಬ್ಬಾಳದ ನಮ್ಮ ಚಿಕಿತ್ಸಾಲಯದ ಬಾಗಿಲು ತೆರೆಯುವ ಮೊದಲೇ ಆಟೋರಿಕ್ಷಾವೊಂದು ಬಂದು ನಿಂತಿತು. ಮಗನು ತನ್ನ ತಂದೆಯನ್ನು ಎರಡೂ ಕೈಗಳಲ್ಲಿ ಎತ್ತಿ ಇಳಿಸಿಕೊಂಡನು. ಆ ಹಿರಿಯರು ನಮಗೆ ಬಹುಕಾಲದ ಪರಿಚಿತರು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಠದ ಜಾತ್ರೆಗೆ ಒಂದು ವರ್ಷವೂ ತಪ್ಪದೆ ಬರುವ ಸದ್ಭಕ್ತರು. ನಾಲ್ಕು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆಗೆ ನರರೋಗ ತಜ್ಞರಿಂದ ಚಿಕಿತ್ಸೆ ಪಡೆಯುತ್ತಿದ್ದರು. ಲೆವೊಡೋಪ ಮಾತ್ರೆಯ ಬಲದಿಂದ ಸ್ನಾನ, ಪೂಜೆ, ಊಟ, ನಡಿಗೆ ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಅಂದು ಅವರ ದೇಹ ಕೊರಡಿನಂತೆ ಬಿಗಿದಿತ್ತು. ಮೈ ಸುಡುತ್ತಿತ್ತು. ನೀರು ನುಂಗಲೂ ಆಗದೆ ಕಟಬಾಯಿಯಿಂದ ಹೊರಗೆ ಹರಿಯುತ್ತಿತ್ತು.

ವಿಚಾರಿಸಿದಾಗ ತಿಳಿದುದು ಇಷ್ಟು. ಹತ್ತು ದಿನಗಳ ಹಿಂದೆ ಮನೆಯವರು ಮಾತ್ರೆಗಳನ್ನು ನಿಲ್ಲಿಸಿ, ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿದ ‘ಮಿದುಳಿನ ಆ್ಯಂಟಿಆಕ್ಸಿಡೆಂಟ್’ ಎಂಬ ಪುಡಿಯನ್ನು ಕೊಡಲು ಆರಂಭಿಸಿದ್ದರು. ಏಕೆ ಹೀಗೆ ಮಾಡಿದಿರಿ ಎಂದು ನಾವು ಕೇಳಿದೆವು. ಮಗನ ಉತ್ತರ ನಮ್ಮನ್ನು ಮೂಕರನ್ನಾಗಿಸಿತು: “ಡಾಕ್ಟರೇ, ಮಿದುಳು ಸವೆಯದಂತೆ ಕಾಯುವ ಕಿಣ್ವಗಳನ್ನು ಬ್ರಾಹ್ಮಿ ಹೆಚ್ಚಿಸುತ್ತದೆ ಎಂದು ಜಾತ್ರೆಯ ಆರೋಗ್ಯ ಶಿಬಿರದಲ್ಲಿ ನೀವೇ ಹೇಳಿದ್ದಿರಿ. ಆ ಪುಡಿಯಲ್ಲಿಯೂ ಬ್ರಾಹ್ಮಿ ಇದೆ ಎಂದು ಬರೆದಿತ್ತು. ಅದಕ್ಕೇ ಅಪ್ಪಾಜಿಗೆ ಇನ್ನು ಇಂಗ್ಲಿಷ್ ಮಾತ್ರೆ ಏತಕ್ಕೆ ಎಂದುಕೊಂಡೆವು.”

ಅವರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಿದೆವು. ಸಕಾಲದಲ್ಲಿ ಚಿಕಿತ್ಸೆ ದೊರೆತು ಅವರು ಉಳಿದುಕೊಂಡರು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಶಿಬಿರದಲ್ಲಿ ನಾವು ಹಾಗೆ ಹೇಳಿದ್ದು ನಿಜ. ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಅದು ಅರ್ಧ ಮಾತಾಗಿತ್ತು. ವೈದ್ಯನ ಅರ್ಧ ಮಾತು ಕೆಲವೊಮ್ಮೆ ಸುಳ್ಳಿಗಿಂತಲೂ ಹೆಚ್ಚು ಅಪಾಯವನ್ನು ತರುತ್ತದೆ. ಉಳಿದ ಅರ್ಧವನ್ನು ಹೇಳಿ ಮುಗಿಸುವುದೇ ಈ ಲೇಖನದ ಉದ್ದೇಶ.

ದಾಸೋಹದ ಒಲೆ ಮತ್ತು ಅದರ ಕಿಡಿಗಳು

ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟು ಅದೊಂದಕ್ಕೇ ಬೇಕು. ಮಠದ ದಾಸೋಹದ ಅಡುಗೆಮನೆಯನ್ನು ಓದುಗರು ಇಲ್ಲಿ ನೆನೆಯಬಹುದು. ಹಗಲಿರುಳು ಆರದ ಒಲೆಗಳಿರುವಲ್ಲಿ ಕಿಡಿ ಹಾರುವುದು ಸಹಜ. ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಎಂಬ ಸೂಕ್ಷ್ಮವಾದ ಒಲೆಗಳಿವೆ. ಅನ್ನದ ಸಾರವನ್ನು ಆಮ್ಲಜನಕದೊಡನೆ ಉರಿಸಿ ಶಕ್ತಿಯನ್ನು ಕೊಡುವುದು ಅವುಗಳ ಕೆಲಸ. ಆ ಕೆಲಸದಲ್ಲಿ ಅಲ್ಪಭಾಗ ಆಮ್ಲಜನಕ ದಾರಿ ತಪ್ಪಿ ಸೂಪರಾಕ್ಸೈಡ್ ಎಂಬ ಕಿಡಿಯಾಗುತ್ತದೆ. ಅದು ತಾಗಿದ ಕಡೆ ಕೋಶದ ಕೊಬ್ಬು, ಪ್ರೋಟೀನು, ವಂಶವಾಹಿಗಳು ಕೆಡುತ್ತವೆ.

ಕಿಡಿಯನ್ನು ಆರಿಸಲು ದೇಹವೇ ಕಾವಲಿನವರನ್ನು ನೇಮಿಸಿದೆ. ಅವರೇ ಕಿಣ್ವಗಳು. ಮೊದಲ ಸಾಲಿನಲ್ಲಿ ನಿಲ್ಲುವುದು ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಅದರ ಕೆಲಸವನ್ನು 1969ರಲ್ಲಿ ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ಎಂಬ ವಿಜ್ಞಾನಿಗಳು ಲೋಕಕ್ಕೆ ತಿಳಿಸಿದರು. ಅದು ಹಾರುವ ಕಿಡಿಯನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಕೆಂಡವನ್ನಾಗಿ ಮಾಡುತ್ತದೆ. ಕೆಂಡ ಹಾರುವುದಿಲ್ಲ, ಆದರೆ ಸುಡುತ್ತದೆ. ಎರಡನೆಯ ಸಾಲಿನ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಆ ಕೆಂಡವನ್ನು ಆರಿಸಿ ನೀರಾಗಿಸುತ್ತವೆ. ಗ್ಲುಟಾಥಯೋನ್ ಎಂಬುದು ಬೆಂಕಿ ನಂದಿಸುವ ಒದ್ದೆ ಗೋಣಿತಾಟಿನಂತೆ. ಒಮ್ಮೆ ಬಳಸಿದರೆ ಒಣಗುತ್ತದೆ. ಅದನ್ನು ಮತ್ತೆ ನೆನೆಸಿಕೊಡುವುದು ಗ್ಲುಟಾಥಯೋನ್ ರಿಡಕ್ಟೇಸ್ ಎಂಬ ಇನ್ನೊಂದು ಕಿಣ್ವ. ಈ ನಾಲ್ವರೂ ಹೆಗಲಿಗೆ ಹೆಗಲು ಕೊಟ್ಟು ದುಡಿಯಬೇಕು. ಮೊದಲಿನವನೊಬ್ಬನೇ ಚುರುಕಾಗಿ ಉಳಿದವರು ಸೋತರೆ ಕೆಂಡದ ರಾಶಿ ಬೆಳೆಯುತ್ತದೆ. ಕಿಡಿಗಳು ಹೆಚ್ಚಾಗಿ ಕಾವಲಿನವರ ಕೈ ಸೋತ ಈ ಸ್ಥಿತಿಯನ್ನೇ ‘ಉತ್ಕರ್ಷಣ ಒತ್ತಡ’ ಎನ್ನುತ್ತಾರೆ.

ಮಿದುಳಿಗೆ ಈ ಒತ್ತಡ ಹೆಚ್ಚು ಘಾತುಕವಾಗಲು ಕಾರಣಗಳಿವೆ. ಮಿದುಳಿನಲ್ಲಿ ಬೇಗ ಕೆಡುವ ಜಾತಿಯ ಕೊಬ್ಬು ಹೇರಳ. ಯಕೃತ್ತಿನಲ್ಲಿರುವಷ್ಟು ಕ್ಯಾಟಲೇಸ್ ಅಲ್ಲಿ ಇಲ್ಲ. ಸತ್ತ ಚರ್ಮದ ಜಾಗದಲ್ಲಿ ಹೊಸ ಚರ್ಮ ಬರುವಂತೆ ಸತ್ತ ನರಕೋಶದ ಜಾಗದಲ್ಲಿ ಹೊಸ ನರಕೋಶ ಹುಟ್ಟಿ ಬರುವುದಿಲ್ಲ. ಇನ್ನು ಪಾರ್ಕಿನ್ಸನ್ ಕಾಯಿಲೆಯಲ್ಲಿ ಸವೆಯುವ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಭಾಗದ ಕಷ್ಟ ಮತ್ತೂ ಹೆಚ್ಚಿನದು. ಚಲನೆಯನ್ನು ನಡೆಸುವ ಡೋಪಮೀನ್ ಅಲ್ಲಿಯೇ ತಯಾರಾಗುತ್ತದೆ. ಅದು ಒಡೆಯುವಾಗಲೂ ಪೆರಾಕ್ಸೈಡ್ ಹುಟ್ಟುತ್ತದೆ. ಜೊತೆಗೆ ಅಲ್ಲಿ ಕಬ್ಬಿಣದ ಅಂಶ ಹೆಚ್ಚು. ಕೆಂಡಕ್ಕೆ ಕಬ್ಬಿಣ ಸೇರಿದರೆ ಅದು ಮೊದಲಿಗಿಂತಲೂ ಉಗ್ರವಾದ ಕಿಡಿಯಾಗಿ ಸಿಡಿಯುತ್ತದೆ.

ಬೆಂಗಳೂರಿನ ಮಿದುಳು ಭಂಡಾರ, ಮೈಸೂರಿನ ನೊಣಗಳು

ಇದು ದೂರದೇಶದ ಪುಸ್ತಕದ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮಾನವ ಮಿದುಳು ಭಂಡಾರ ಸ್ಥಾಪನೆಯಾಯಿತು. ಮರಣಾನಂತರ ಬಂಧುಗಳು ಒಪ್ಪಿ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಸಂರಕ್ಷಿಸಿಡುತ್ತಾರೆ. ದುಃಖದ ಗಳಿಗೆಯಲ್ಲಿ ಆ ಕುಟುಂಬಗಳು ಮಾಡಿದ ಈ ದಾನವೂ ಒಂದು ದಾಸೋಹವೇ ಎಂದು ನಾವು ಭಾವಿಸುತ್ತೇವೆ.

ಆ ಭಂಡಾರದ ನೆರವಿನಿಂದ ಸಿ. ವೆಂಕಟೇಶಪ್ಪ, ಎಂ. ಎಂ. ಶ್ರೀನಿವಾಸ ಭರತ್, ಅನಿತಾ ಮಹದೇವನ್, ಎಸ್. ಕೆ. ಶಂಕರ್ ಮೊದಲಾದವರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಶಿಶುಗಳಿಂದ ಹಿಡಿದು 80 ವರ್ಷದ ವೃದ್ಧರವರೆಗೆ ನಾನಾ ವಯಸ್ಸಿನವರ ಮಿದುಳುಗಳನ್ನು ಅವರು ಹೋಲಿಸಿದರು. ಇವರು ಪಾರ್ಕಿನ್ಸನ್ ರೋಗಿಗಳಲ್ಲ, ಸಾಮಾನ್ಯರು. ವಯಸ್ಸಾದಂತೆ ಆ ಕಪ್ಪು ಭಾಗದಲ್ಲಿ ಪ್ರೋಟೀನುಗಳು ಕೆಟ್ಟಿರುವ ಗುರುತುಗಳು ಹೆಚ್ಚಿದ್ದವು. ಮೈಟೋಕಾಂಡ್ರಿಯದ ಒಲೆಯ ಒಂದು ಮುಖ್ಯ ಅಂಗ ಕುಂದಿತ್ತು. ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್, ಗ್ಲುಟಾಥಯೋನ್ ರಿಡಕ್ಟೇಸ್ ಮೂರೂ ಇಳಿದಿದ್ದವು. ಪಕ್ಕದ ಇನ್ನೊಂದು ಭಾಗದಲ್ಲಿ ಇಷ್ಟು ಹಾನಿ ಕಂಡುಬರಲಿಲ್ಲ. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಮತ್ತು ವಿವೇಚನೆಗೆ ಆಧಾರವಾದ ಮುಂಭಾಗದ ಮಿದುಳಿನಲ್ಲಿಯೂ ವಯಸ್ಸಿನೊಡನೆ ಒತ್ತಡ ಏರಿ ರಕ್ಷಣೆ ಇಳಿಯುವುದನ್ನು ಇದೇ ತಂಡ ಮತ್ತೊಂದು ಅಧ್ಯಯನದಲ್ಲಿ ತೋರಿಸಿತು. ಆಲ್ಝೈಮರ್ ಮರೆವಿನ ಕಾಯಿಲೆ ಮೊದಲು ಕೈಹಾಕುವ ಜಾಗಗಳಲ್ಲಿ ಹಿಪ್ಪೊಕ್ಯಾಂಪಸ್ ಮುಖ್ಯವಾದುದು. ಅಂದರೆ, ಮುಪ್ಪಿನಲ್ಲಿ ಕಾವಲು ಎಲ್ಲರಲ್ಲಿಯೂ ಸಡಿಲಗೊಳ್ಳುತ್ತದೆ. ಅದರ ಮೇಲೆ ಬೇರೆ ಕಾರಣಗಳೂ ಕೂಡಿದವರಲ್ಲಿ ಕಾಯಿಲೆ ತಲೆಯೆತ್ತುತ್ತದೆ.

ಇನ್ನು ನಮ್ಮ ಶಿಬಿರದ ಮಾತಿನ ಮೂಲ ಮೈಸೂರಿನಲ್ಲಿಯೇ ಇದೆ. ಹೆಬ್ಬಾಳದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಚೆಲುವಾಂಬ ಮಹಲಿನಲ್ಲಿ 1950ರಿಂದ ನಡೆದುಬಂದಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯನ್ನು, ಅಂದರೆ ನಾವೆಲ್ಲ ಸಿ.ಎಫ್.ಟಿ.ಆರ್.ಐ. ಎಂದು ಕರೆಯುವ ಸಂಸ್ಥೆಯನ್ನು, ಅರಿಯದವರಿಲ್ಲ. ಅಲ್ಲಿ ರವಿಕುಮಾರ್ ಹೊಸಮನಿ ಮತ್ತು ಮುರಳೀಧರ ಅವರು ಹಣ್ಣಿನ ನೊಣಗಳ ಮೇಲೆ ಪ್ರಯೋಗ ನಡೆಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರೊಟೆನೋನ್ ಎಂಬ ಕೀಟನಾಶಕವನ್ನು ತಿನ್ನಿಸಿದರೆ ನೊಣದ ಮೈಟೋಕಾಂಡ್ರಿಯ ಕೆಟ್ಟು, ಡೋಪಮೀನ್ ಕುಗ್ಗಿ, ಪಾರ್ಕಿನ್ಸನ್ ರೋಗಿಯಂತೆ ಅದರ ಚಲನೆ ತಗ್ಗುತ್ತದೆ. ಆರೋಗ್ಯವಂತ ನೊಣಗಳಿರುವ ಗಾಜಿನ ನಳಿಗೆಯನ್ನು ತಟ್ಟಿದರೆ ಅವು ಸರಸರನೆ ಮೇಲಕ್ಕೆ ಹತ್ತುತ್ತವೆ. ವಿಷ ತಿಂದವು ತಳದಲ್ಲಿಯೇ ಉಳಿಯುತ್ತವೆ. ಆಹಾರದೊಡನೆ ಬ್ರಾಹ್ಮಿಯ ಪುಡಿಯನ್ನೂ ಪಡೆದ ನೊಣಗಳಲ್ಲಿ ಸಾವು ಕಡಿಮೆಯಾಯಿತು, ಹತ್ತುವ ಶಕ್ತಿ ಉಳಿಯಿತು, ಉತ್ಕರ್ಷಣದ ಗುರುತುಗಳು ತಗ್ಗಿದವು. ಇಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ನಾವು ಚಟ್ನಿ, ತಂಬುಳಿ ಮಾಡುವ ಒಂದೆಲಗವಲ್ಲ.

ಇದನ್ನು ಓದಿದಾಗ ಆಯುರ್ವೇದ ವೈದ್ಯರಾದ ನಮಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿಯೇ ಶಿಬಿರದ ವೇದಿಕೆಯನ್ನು ಹತ್ತಿದೆವು. ನೊಣ ಎಂಬ ಮಾತನ್ನು ಮಾತ್ರ ಹೇಳಲು ಮರೆತೆವು.

ನೊಣದಿಂದ ಮನುಷ್ಯನವರೆಗಿನ ದೂರ

ಪ್ರಯೋಗಾಲಯದ ನೊಣಕ್ಕೆ ವಿಷದ ಜೊತೆಗೇ ರಕ್ಷಣೆಯೂ ದೊರೆಯುತ್ತದೆ. ಮನುಷ್ಯನ ಪಾಡು ಹಾಗಲ್ಲ. ಕೈ ನಡುಗಲು ಆರಂಭಿಸುವ ಹೊತ್ತಿಗೆ ಆ ಕಪ್ಪು ಭಾಗದ ನರಕೋಶಗಳಲ್ಲಿ ದೊಡ್ಡ ಪಾಲು ಅದಾಗಲೇ ಅಳಿದಿರುತ್ತದೆ. ಸುಟ್ಟುಹೋದ ಅಡುಗೆಮನೆಗೆ ಅನಂತರ ಎಷ್ಟು ನೀರು ಹೊತ್ತರೂ ಪಾತ್ರೆಗಳು ಮರಳಿ ಬಾರವು.

ವಿಜ್ಞಾನಿಗಳು ಇದನ್ನು ಮನುಷ್ಯರಲ್ಲಿ ಪರೀಕ್ಷಿಸದೆ ಬಿಟ್ಟಿಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 800 ಮಂದಿ ಪಾರ್ಕಿನ್ಸನ್ ರೋಗಿಗಳನ್ನು ಒಳಗೊಂಡ ಪರೀಕ್ಷೆಯೊಂದರಲ್ಲಿ ದಿನಕ್ಕೆ 2000 ಯೂನಿಟ್ ವಿಟಮಿನ್ ‘ಇ’ ಕೊಟ್ಟು ನೋಡಿದರು. ಕಾಯಿಲೆಯ ನಡೆ ನಿಧಾನವಾಗಲಿಲ್ಲ ಎಂದು 1993ರಲ್ಲಿ ವರದಿಯಾಯಿತು. ಕೋಎನ್‌ಜೈಮ್ ಕ್ಯೂ10 ಎಂಬ, ಇಂದಿಗೂ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ವಸ್ತುವನ್ನು 600 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2014ರಲ್ಲಿ ಬಂದ ಉತ್ತರವೂ ಅದೇ: ಪ್ರಯೋಜನವಿಲ್ಲ. ಮರೆವಿನ ಕಾಯಿಲೆ ಬಾರದಂತೆ ತಡೆಯಲು ಏಳು ಸಾವಿರಕ್ಕೂ ಹೆಚ್ಚು ವಯಸ್ಕ ಪುರುಷರಿಗೆ ವಿಟಮಿನ್ ‘ಇ’ ಮತ್ತು ಸೆಲೆನಿಯಂ ಕೊಟ್ಟ ಅಧ್ಯಯನವೂ 2017ರಲ್ಲಿ ನಿರಾಶೆಯಲ್ಲಿ ಮುಗಿಯಿತು. ನಮ್ಮ ಅರಿಶಿನದ ಕರ್ಕ್ಯುಮಿನ್ ಅನ್ನು ಆಲ್ಝೈಮರ್ ರೋಗಿಗಳಿಗೆ ಕೊಟ್ಟ ಸಣ್ಣ ಪರೀಕ್ಷೆಗಳಲ್ಲಿಯೂ ರೋಗಿಯ ಸ್ಥಿತಿ ಸುಧಾರಿಸಲಿಲ್ಲ. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2014ರ ಒಂದು ಪರೀಕ್ಷೆಯಲ್ಲಿ ಆಲ್ಝೈಮರ್ ಇದ್ದವರು ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಕುಂದುವ ವೇಗವನ್ನು ವಿಟಮಿನ್ ‘ಇ’ ಸ್ವಲ್ಪ ತಗ್ಗಿಸಿತು. ಆದರೆ ಅಷ್ಟು ಹೆಚ್ಚಿನ ಪ್ರಮಾಣವನ್ನು ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಕ್ಷೇಮವಲ್ಲ. ಅದು ರಕ್ತಸ್ರಾವದ ಸಂಭವವನ್ನು ಹೆಚ್ಚಿಸಬಲ್ಲದು.

ಕಿಣ್ವ ಹೆಚ್ಚಾದಷ್ಟೂ ಒಳಿತು ಎಂಬ ಎಣಿಕೆಯೂ ಸರಿಯಲ್ಲ. ಸ್ಟೀಫನ್ ಹಾಕಿಂಗ್ ಅವರನ್ನು ಕಾಡಿದ ಎ.ಎಲ್.ಎಸ್. ಎಂಬ ಕಾಯಿಲೆಯ ಕೆಲವು ಕುಟುಂಬಗಳಲ್ಲಿ, ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದ ವಂಶವಾಹಿಯಲ್ಲಿಯೇ ದೋಷವಿದೆ ಎಂದು 1993ರಲ್ಲಿ ತಿಳಿದುಬಂದಿತು. ಕಾವಲು ತಗ್ಗಿದ್ದರಿಂದಲೇ ಕಾಯಿಲೆ ಬಂದಿತೆಂದು ಮೊದಲು ಎಲ್ಲರೂ ಎಣಿಸಿದರು. ಮುಂದೆ ನೋಡಿದರೆ, ಆಕಾರ ಕೆಟ್ಟ ಕಿಣ್ವವೇ ವಿಷವಾಗಿ ನರಕೋಶಗಳನ್ನು ಕೊಲ್ಲುತ್ತಿತ್ತು. ಆ ಕುಟುಂಬದವರಿಗಾಗಿ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೋಫರ್ಸೆನ್ ಎಂಬ ಔಷಧದ ಕೆಲಸ ಆ ಕಿಣ್ವವನ್ನು ಹೆಚ್ಚಿಸುವುದಲ್ಲ, ತಗ್ಗಿಸುವುದು! ಕಾವಲಿನವನೇ ಮತಿಗೆಟ್ಟರೆ ಅವನ ಸಂಖ್ಯೆಯನ್ನು ಹೆಚ್ಚಿಸಿ ಫಲವೇನು?

ಇನ್ನೊಂದು ಸರಳ ವಿಷಯವನ್ನು ಜಾಹೀರಾತುಗಳು ಹೇಳುವುದಿಲ್ಲ. ಕಿಣ್ವ ಎಂಬುದು ಪ್ರೋಟೀನು. ಅದನ್ನು ಮಾತ್ರೆ ಮಾಡಿ ನುಂಗಿದರೆ ತೊಗರಿಬೇಳೆಯಂತೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆಯೇ ಹೊರತು ಹಾಗೆಯೇ ನಡೆದುಹೋಗಿ ಮಿದುಳಿನ ಬಾಗಿಲಲ್ಲಿ ಕಾವಲು ನಿಲ್ಲುವುದಿಲ್ಲ. ಮಿದುಳಿನ ಕಿಣ್ವ ಮಿದುಳಿನ ಕೋಶದೊಳಗೇ ಸಿದ್ಧವಾಗಬೇಕು.

ನಮ್ಮ ಶಾಸ್ತ್ರಕ್ಕೆ ನಾವು ಸಲ್ಲಿಸಬೇಕಾದ ಗೌರವ

ಹೀಗೆ ಬರೆದುದರಿಂದ ಆಯುರ್ವೇದವನ್ನು ನಾವೇ ಕಡೆಗಣಿಸಿದೆವೆಂದು ಯಾರೂ ಭಾವಿಸಬಾರದು. ವೀರಶೈವ ಪರಂಪರೆಯ ವೈದ್ಯನಾದ ಬಸವರಾಜನು ತೆಲುಗು ನಾಡಿನಲ್ಲಿ ರಚಿಸಿದ ‘ಬಸವರಾಜೀಯಂ’ ಗ್ರಂಥದಲ್ಲಿ ಕಂಪವಾತದ ಲಕ್ಷಣಗಳಿವೆ. ಕೈಕಾಲುಗಳ ನಡುಕವನ್ನು ಮಾತ್ರವಲ್ಲದೆ ನಿದ್ರಾಭಂಗವನ್ನೂ ಬುದ್ಧಿ ಕುಂದುವುದನ್ನೂ ಆತನು ಗುರುತಿಸಿದ್ದನು. ಪಾರ್ಕಿನ್ಸನ್ ಕಾಯಿಲೆ ಬರಿಯ ನಡುಕವಲ್ಲ, ನಿದ್ರೆಯನ್ನೂ ಮನಸ್ಸನ್ನೂ ಅದು ತಟ್ಟುತ್ತದೆ ಎಂದು ಇಂದಿನ ನರರೋಗ ತಜ್ಞರೂ ಹೇಳುತ್ತಾರೆ. ಹಾಗೆಯೇ ನಮ್ಮವರು ಆತ್ಮಗುಪ್ತ ಎಂದು ಕರೆದ ನಸುಗುನ್ನಿಯ ಬೀಜದಲ್ಲಿ ಲೆವೊಡೋಪ ಇದೆಯೆಂಬುದನ್ನು 1937ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿದ್ದರು. ಆ ಹಿರಿಯರು ನುಂಗುತ್ತಿದ್ದ ‘ಇಂಗ್ಲಿಷ್ ಮಾತ್ರೆ’ಯ ಸಾರವೂ ಅದೇ ಲೆವೊಡೋಪ. ಆದುದರಿಂದ ಇದನ್ನು ಇಂಗ್ಲಿಷ್ ಔಷಧ, ನಾಟಿ ಔಷಧ ಎಂಬ ಜಗಳವನ್ನಾಗಿ ಮಾಡಿಕೊಳ್ಳುವುದು ಸಲ್ಲದು. ಅಳತೆ ಗೊತ್ತಿರುವ ಔಷಧಕ್ಕೂ ಅಳತೆ ಗೊತ್ತಿಲ್ಲದ ಔಷಧಕ್ಕೂ ಇರುವ ಭೇದವೇ ಇಲ್ಲಿ ಮುಖ್ಯ.

ಆದುದರಿಂದ ಎರಡು ಮಾತುಗಳನ್ನು ಭಕ್ತರು ಮನದಟ್ಟು ಮಾಡಿಕೊಳ್ಳಬೇಕೆಂದು ಕೋರುತ್ತೇವೆ. ಮೊದಲನೆಯದು, ಲೆವೊಡೋಪ ಮಾತ್ರೆಯನ್ನು ಯಾವ ಕಾರಣಕ್ಕೂ ದಿಢೀರನೆ ನಿಲ್ಲಿಸಬಾರದು. ಹಾಗೆ ಮಾಡಿದರೆ ಮೈ ಬಿಗಿದು, ಜ್ವರವೇರಿ, ಪ್ರಜ್ಞೆ ಮಸುಕಾಗಿ ಪ್ರಾಣಕ್ಕೇ ಎರವಾಗಬಹುದು. ಎರಡನೆಯದು, ಮಾತ್ರೆಯ ಜೊತೆಗೆ ನಸುಗುನ್ನಿಯ ಚೂರ್ಣವನ್ನು ತಾವಾಗಿಯೇ ಸೇರಿಸಿಕೊಳ್ಳಬಾರದು. ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಸೇವಿಸಿದಂತಾಗಿ, ಅಂಗಾಂಗಗಳು ಅಂಕೆಯಿಲ್ಲದೆ ಕುಣಿಯುವುದು, ಇಲ್ಲದ ವಸ್ತುಗಳು ಕಣ್ಣಿಗೆ ಕಾಣುವುದು, ಎದ್ದು ನಿಂತಾಗ ತಲೆ ತಿರುಗಿ ಬೀಳುವುದು ಮುಂತಾದವು ಸಂಭವಿಸಬಹುದು. ತಾವು ಸೇವಿಸುವ ಎಲ್ಲ ಮೂಲಿಕೆಗಳ ಹೆಸರನ್ನೂ ನರರೋಗ ತಜ್ಞರಿಗೆ ಹೇಳಬೇಕು. ಎಲ್ಲ ಮಾತ್ರೆಗಳ ಹೆಸರನ್ನೂ ಆಯುರ್ವೇದ ವೈದ್ಯರಿಗೆ ತೋರಿಸಬೇಕು. ಹೇಳಿದರೆ ಡಾಕ್ಟರು ಬೈದಾರೆಂದು ಮುಚ್ಚಿಡುವುದು ಬೇಡ. ಬೈಗುಳ ಮರೆತುಹೋಗುತ್ತದೆ, ಅಪಾಯ ಉಳಿಯುತ್ತದೆ.

ಇಲ್ಲಿ ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು. ಬ್ರಾಹ್ಮಿಯನ್ನು ಕೆಲವು ವಾರಗಳ ಕಾಲ ಸೇವಿಸಿದ ಆರೋಗ್ಯವಂತರಲ್ಲಿ ನೆನಪಿನ ಶಕ್ತಿ ಸ್ವಲ್ಪಮಟ್ಟಿಗೆ ಸುಧಾರಿಸಿದುದನ್ನು ಕೆಲವು ಪರೀಕ್ಷೆಗಳು ತೋರಿಸಿವೆ. ಅದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಆದರೆ ಅದು ಪಾರ್ಕಿನ್ಸನ್ ಅಥವಾ ಆಲ್ಝೈಮರ್ ಕಾಯಿಲೆಯನ್ನು ತಡೆದು ನಿಲ್ಲಿಸುತ್ತದೆಂದು ಸಿದ್ಧವಾಗಿಲ್ಲ. ‘ಗುಣಪಡಿಸುತ್ತೇವೆ’ ಎಂದು ಜಾಹೀರಾತು ಕೊಡಬಾರದೆಂದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಹೆಸರಿಸಿರುವ ಕಾಯಿಲೆಗಳ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳೂ ಇವೆ. ಕಾನೂನಿಗೆ ಅಂಜಿಯಲ್ಲ, ನಮ್ಮನ್ನು ನಂಬಿ ಬಂದವರಿಗೆ ಅಂಜಿ ನಾವು ನಾಲಿಗೆಯನ್ನು ಬಿಗಿಹಿಡಿಯಬೇಕು. ಜಾತ್ರೆಯ ವೇದಿಕೆಯಿಂದ ಆಡಿದ ವೈದ್ಯನ ಮಾತಿಗೆ ಮಠದ ಮೇಲಿನ ಭಕ್ತಿಯೂ ಕೂಡಿಕೊಂಡು ಬೆಲೆ ಬರುತ್ತದೆ. ಆ ಬೆಲೆ ನಮ್ಮದಲ್ಲ, ಕಡ ತಂದದ್ದು.

ಕಾವಲಿನವರನ್ನು ಪೋಷಿಸುವ ಬಗೆ

ಹಾಗಾದರೆ ಮಾಡುವುದಕ್ಕೆ ಏನೂ ಇಲ್ಲವೇ? ಇದೆ, ಆದರೆ ಅದು ಡಬ್ಬಿಯಲ್ಲಿಲ್ಲ. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಕಣ್ಣು ತೆರೆಸಿತು. ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನರಿಗೆ ದಿನವೂ ಹೆಚ್ಚಿನ ಪ್ರಮಾಣದಲ್ಲಿ ವಿಟಮಿನ್ ‘ಸಿ’ ಮತ್ತು ‘ಇ’ ಮಾತ್ರೆಗಳನ್ನು ಕೊಟ್ಟರು. ಬರಿಯ ವ್ಯಾಯಾಮ ಮಾಡಿದವರಲ್ಲಿ ದೇಹದ ಸ್ವಂತ ಕಾವಲು ಕಿಣ್ವಗಳ ತಯಾರಿ ಹೆಚ್ಚಿತು. ಮಾತ್ರೆ ನುಂಗಿದವರಲ್ಲಿ ಹೆಚ್ಚಲಿಲ್ಲ. ವ್ಯಾಯಾಮದಲ್ಲಿ ಹಾರುವ ಸಣ್ಣ ಕಿಡಿಗಳೇ ‘ಕಾವಲಿಗೆ ಜನ ಬೇಕು’ ಎಂದು ಕೂಗಿ ಹೇಳುವ ಗಂಟೆ. ಗಂಟೆಯ ನಾದವನ್ನೇ ಅಡಗಿಸಿದರೆ ಯಾರೂ ಎಚ್ಚರಗೊಳ್ಳುವುದಿಲ್ಲ. ಆ ಯುವಕರಲ್ಲಿ ಅಳೆದುದು ಸ್ನಾಯುಗಳನ್ನು, ಮಿದುಳನ್ನಲ್ಲ. ಆದರೂ ದೇಹದ ನೀತಿಯನ್ನು ಅದು ತಿಳಿಸಿಕೊಡುತ್ತದೆ. ಪಾರ್ಕಿನ್ಸನ್ ರೋಗಿಗಳಿಗೂ ನಿಯಮಿತ ವ್ಯಾಯಾಮದಿಂದ ನಡಿಗೆ, ಸಮತೋಲನಗಳಲ್ಲಿ ಲಾಭವಿದೆ.

ಕಿಣ್ವಗಳಿಗೆ ಬೇಕಾದ ಸಾಮಗ್ರಿ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ಗೆ ತಾಮ್ರ, ಸತು, ಮ್ಯಾಂಗನೀಸ್, ಕ್ಯಾಟಲೇಸ್‌ಗೆ ಕಬ್ಬಿಣ, ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗೆ ಸೆಲೆನಿಯಂ, ಗ್ಲುಟಾಥಯೋನ್ ರಿಡಕ್ಟೇಸ್‌ಗೆ ಹಾಲು ಮಜ್ಜಿಗೆಗಳಲ್ಲಿರುವ ‘ಬಿ2’ ಜೀವಸತ್ವ. ಇವೆಲ್ಲ ಬೇಕಾಗಿರುವುದು ಕಣದಷ್ಟು. ರಾಗಿ, ಅವರೆ, ಹುರುಳಿ, ಎಳ್ಳು, ಸೊಪ್ಪು, ಮಜ್ಜಿಗೆಗಳಿರುವ ನಿತ್ಯದ ಊಟ ಬಹುಮಟ್ಟಿಗೆ ಅದನ್ನು ಪೂರೈಸುತ್ತದೆ. ಬೇಳೆಕಾಳಿನ ಪ್ರೋಟೀನು ಗ್ಲುಟಾಥಯೋನ್ ತಯಾರಿಗೂ ಬೇಕು. ಆದರೆ ಲೆವೊಡೋಪ ಸೇವಿಸುವವರು ಒಂದನ್ನು ಗಮನಿಸಬೇಕು: ಪ್ರೋಟೀನು ಹೆಚ್ಚಿರುವ ಊಟದೊಡನೆ ನುಂಗಿದರೆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಸೇವಿಸುವ ಬಗ್ಗೆ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.

ಸಸ್ಯಾಹಾರಿಗಳಾದ ನಮಗೆ ಇನ್ನೊಂದು ಎಚ್ಚರಿಕೆ. ‘ಬಿ12’ ಜೀವಸತ್ವದ ಕೊರತೆ ನಮ್ಮ ಹಿರಿಯರಲ್ಲಿ ಸಾಮಾನ್ಯ. ಅದರಿಂದಲೂ ಮರೆವು, ಕಾಲು ಜೋಮು, ನಡಿಗೆಯ ತೊದರು ಬರುತ್ತವೆ. ಥೈರಾಯ್ಡ್ ಕುಂದಿದರೂ ಮನಸ್ಸು ಮಂಕಾಗುತ್ತದೆ. ಇವು ಬೇಗ ಕಂಡುಹಿಡಿದರೆ ಬಹುಪಾಲು ಸರಿಹೋಗುವಂತಹವು. ಅಜ್ಜಿಗೆ ಅರಳುಮರುಳು ಎಂದು ಕೈಚೆಲ್ಲಿ ಕುಳಿತುಕೊಳ್ಳುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬೇಕು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆಯೆಂದು 2023ರ ಅಂದಾಜು ಹೇಳುತ್ತದೆ. ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್, ಧೂಮಪಾನ, ಮದ್ಯಪಾನ, ಕಿವುಡು, ದೃಷ್ಟಿದೋಷ, ಒಂಟಿತನ, ಖಿನ್ನತೆ, ಮಲಿನ ಗಾಳಿ ಮೊದಲಾದ 14 ಕಾರಣಗಳನ್ನು ನಿವಾರಿಸಿದರೆ ಜಗತ್ತಿನ ಮರೆವಿನ ಕಾಯಿಲೆಗಳಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಲೆಕ್ಕಹಾಕಿದೆ. ಅಜ್ಜನಿಗೆ ಶ್ರವಣಯಂತ್ರ ಕೊಡಿಸುವುದು ಸಾವಿರಾರು ರೂಪಾಯಿಯ ಪುಡಿಗಿಂತ ಮಿದುಳಿಗೆ ಹೆಚ್ಚಿನ ಉಪಕಾರ.

ಹಳ್ಳಿಗಳ ರೈತಬಂಧುಗಳಿಗೂ ಒಂದು ಮಾತು ಹೇಳಬೇಕು. ಕಳೆ ಸುಡಲು ಬಳಸುವ ಪ್ಯಾರಾಕ್ವಾಟ್ ಜೀವಕೋಶದಲ್ಲಿ ಸೂಪರಾಕ್ಸೈಡ್ ಕಿಡಿಗಳನ್ನೇ ಹುಟ್ಟಿಸುವ ವಿಷ. ಅದನ್ನೂ ರೊಟೆನೋನನ್ನೂ ಬಳಸಿದ ಕೃಷಿಕರಲ್ಲಿ ಪಾರ್ಕಿನ್ಸನ್ ಕಾಯಿಲೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಅಮೆರಿಕದ 2011ರ ಅಧ್ಯಯನ ಕಂಡಿತು. ಬರಿಗೈಯಲ್ಲಿ ಕಲಸುವುದು, ಗಾಳಿಗೆದುರಾಗಿ ಸಿಂಪಡಿಸುವುದು, ಅದೇ ಬಟ್ಟೆಯಲ್ಲಿ ಊಟಕ್ಕೆ ಕೂರುವುದು ನಿಲ್ಲಬೇಕು. ಕುಂಟೆ, ಕಳೆಗುದ್ದಲಿಗಳಿಂದ ಆಗುವ ಕೆಲಸಕ್ಕೆ ಈ ವಿಷವನ್ನು ಮನೆಗೆ ತಾರದಿರುವುದೇ ಲೇಸು.

ಚರಕಾಚಾರ್ಯರು ರಸಾಯನ ಚಿಕಿತ್ಸೆಯನ್ನು ವಿವರಿಸುವಾಗ ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿಗಳನ್ನು ಮೇಧ್ಯವೆಂದು ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ ಆಚಾರ ರಸಾಯನವನ್ನೂ ಹೇಳಿದರು. ಸತ್ಯ ನುಡಿಯುವುದು, ಕೋಪಿಸದಿರುವುದು, ನಿದ್ರೆ ಎಚ್ಚರಗಳಲ್ಲಿ ಸಮತೆ, ಹಿರಿಯರ ಸೇವೆ, ಇವೂ ರಸಾಯನವೇ. ಮೂಲಿಕೆಯನ್ನು ಹಿಡಿದುಕೊಂಡು ಆಚಾರವನ್ನು ಮರೆತವರು ಆ ಗ್ರಂಥದ ಅರ್ಧವನ್ನು ಮಾತ್ರ ಓದಿದಂತಾಯಿತು. ಸತ್ಯ ನುಡಿಯುವುದೂ ಅದರಲ್ಲಿ ಸೇರಿದೆ ಎಂಬುದನ್ನು ಆ ಶಿಬಿರದ ಬಳಿಕ ನಾವು ಹೊಸದಾಗಿ ಓದಿಕೊಂಡೆವು.

ಆ ಹಿರಿಯರು ಈಗ ತಮ್ಮ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಸೇವಿಸುತ್ತಿದ್ದಾರೆ. ಬಿಸಿಲೇರುವ ಮುನ್ನ ಮಗನ ತೋಳು ಹಿಡಿದು ಹೆಬ್ಬಾಳ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ಮೊದಲಿನಷ್ಟು ದೂರವಿಲ್ಲ, ಮೊದಲಿನಷ್ಟು ವೇಗವೂ ಇಲ್ಲ. ಕಳೆದುಕೊಂಡ ಆ ಹತ್ತು ದಿನಗಳು ಅವರಿಂದ ಏನನ್ನೋ ಕಿತ್ತುಕೊಂಡವು. ಕಳೆದ ಸಲ ಎದುರಾದಾಗ ಅವರು ನಮ್ಮನ್ನು ದೂರಲಿಲ್ಲ. “ಈ ಸಲ ಜಾತ್ರೆಗೆ ಬರುತ್ತೀರಾ ಡಾಕ್ಟರೇ?” ಎಂದು ಮಾತ್ರ ಕೇಳಿದರು. ಬರುತ್ತೇವೆ ಎಂದೆವು. ಅದೇ ವೇದಿಕೆಯನ್ನು ಹತ್ತಿ, ನೊಣದ ಮಾತಿನಿಂದಲೇ ಆರಂಭಿಸುತ್ತೇವೆ.